ಕೊಂಡ ದೂರದರ್ಶಕ, ಕಟ್ಟಿದ ದೂರದರ್ಶಕ

ನಮ್ಮ ವಿದ್ಯಾಸಂಸ್ಥೆಯ ಈ ಸಂಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಹಳಗನ್ನಡ ಕಾವ್ಯವನ್ನೋ ಛಂದಸ್ಸನ್ನೋ ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಆದರೆ ಪ್ರಕೃತ ನನ್ನ ಮನಸ್ಸನ್ನು ಆವರಿಸಿಕೊಂಡಿರುವ ವಿಷಯ ಬೇರೊಂದು. ನಮ್ಮ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಒಂದು ದೂರದರ್ಶಕವನ್ನು ಕಾಣಿಕೆಯಾಗಿ ಅರ್ಪಿಸಬೇಕೆಂದು ಸಂಕಲ್ಪಿಸಿ ಧನಸಂಗ್ರಹ ಮಾಡುತ್ತಿದ್ದಾರೆ. ಗುಂಡಿಯನ್ನೊತ್ತಿದರೆ ಬೇಕಾದ ನಕ್ಷತ್ರವನ್ನು ತಾನೇ ಹುಡುಕಿ ತೋರಿಸುವಂಥ ಯಂತ್ರವನ್ನು ತರಿಸಬೇಕೆಂಬುದು ಅವರ ಇಚ್ಛೆ. ಅವರ ಔದಾರ್ಯಕ್ಕೆ ತಲೆಬಾಗುತ್ತೇನೆ. ಆದರೂ ನನ್ನದೊಂದು ವಿಜ್ಞಾಪನೆಯುಂಟು. ಆ ಯಂತ್ರವನ್ನು ಕೊಳ್ಳುವುದಕ್ಕೆ ಮೊದಲು, ಸಂಗ್ರಹವಾದ ಹಣದ ಒಂದು ಅಲ್ಪಭಾಗದಿಂದ ಗಾಜಿನ ಬಿಲ್ಲೆಗಳನ್ನೂ ಉಜ್ಜುವ ಪುಡಿಯನ್ನೂ ಹಲಗೆಯನ್ನೂ ತಂದು, ನಮ್ಮ ಮಕ್ಕಳ ಕೈಯಿಂದಲೇ ಒಂದು ದೂರದರ್ಶಕವನ್ನು ಕಟ್ಟಿಸಬೇಕು. ಏಕೆಂಬುದನ್ನು ಈ ಲೇಖನದಲ್ಲಿ ನಿವೇದಿಸಿಕೊಳ್ಳುತ್ತೇನೆ.

ಕನ್ನಡ ಪಂಡಿತನಿಗೆ ದೂರದರ್ಶಕದ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಸರಳವಾಗಿದೆ. ನಾನು ಕಲಿಸುವ ಶಬ್ದಗಳಿಗೆ ಅರ್ಥವು ಅಲ್ಲಿದೆ. ‘ಅರುಂಧತೀನ್ಯಾಯ’ ಎಂಬುದೊಂದು ಪ್ರಸಿದ್ಧವಾದ ಲೌಕಿಕ ನ್ಯಾಯ. ಅರುಂಧತಿ ಬಹು ಸೂಕ್ಷ್ಮವಾದ ನಕ್ಷತ್ರ. ಅದನ್ನು ಒಮ್ಮೆಲೇ ತೋರಿಸಲಾಗದು. ಆದುದರಿಂದ ಮೊದಲು ಸಪ್ತರ್ಷಿಮಂಡಲವನ್ನು, ಬಳಿಕ ಅದರ ಬಾಲದ ನಡುವಣ ವಸಿಷ್ಠನನ್ನು, ಕಡೆಗೆ ಅವನ ಮಗ್ಗುಲಲ್ಲಿರುವ ಅರುಂಧತಿಯನ್ನು ತೋರಿಸತಕ್ಕದ್ದು. ಸ್ಥೂಲದಿಂದ ಸೂಕ್ಷ್ಮಕ್ಕೆ ಕರೆದೊಯ್ಯುವ ಬೋಧನಕ್ರಮಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಅದನ್ನು ನಾನು ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ; ವಿದ್ಯಾರ್ಥಿಗಳೂ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಚೈತ್ರ-ವೈಶಾಖದ ಸಂಜೆಯಲ್ಲಿ ಉತ್ತರ ದಿಕ್ಕಿಗೆ ತಿರುಗಿ ಅರುಂಧತಿಯನ್ನು ಬೆರಳಿಟ್ಟು ತೋರಿಸಬಲ್ಲ ಹುಡುಗನು ತರಗತಿಗೊಬ್ಬನು ಸಿಕ್ಕುವುದೂ ದುರ್ಲಭ. ವಿವಾಹಗಳಲ್ಲಿಯೂ ಹಾಡಹಗಲಿನಲ್ಲಿ ಚಪ್ಪರದ ಹೊರಗೆ ನಿಂತು ಬರಿಯ ಆಕಾಶದತ್ತ ಕೈ ತೋರಿಸಿ ಅರುಂಧತೀದರ್ಶನವನ್ನು ಮುಗಿಸುತ್ತೇವೆ. ಸೂಕ್ಷ್ಮವನ್ನು ಕಾಣಿಸಲೆಂದು ಹುಟ್ಟಿದ ನ್ಯಾಯವು ಈಗ ಏನನ್ನೂ ಕಾಣಿಸದೆ ಬಾಯಿಪಾಠದಲ್ಲಿ ಉಳಿದುಕೊಂಡಿದೆ.

ಅರುಂಧತಿಯೊಂದರ ಮಾತಲ್ಲ. ಸ್ವಾತಿಯ ಹನಿ ಮುತ್ತಾಗುವುದೆಂಬ ಕವಿಸಮಯವನ್ನು ಬಲ್ಲವರು ಕಿತ್ತಳೆ ಬಣ್ಣದಿಂದ ಬೆಳಗುವ ಸ್ವಾತೀ ನಕ್ಷತ್ರವನ್ನು ಕಂಡಿಲ್ಲ. ನಮ್ಮ ರೈತರ ಮಕ್ಕಳು ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆನಕ್ಷತ್ರಗಳನ್ನು ಸರಾಗವಾಗಿ ಹೇಳುತ್ತಾರೆ. ಆರಿದ್ರಾ ಮಳೆ ಎಂದರೆ ಸೂರ್ಯನು ಆರಿದ್ರಾ ನಕ್ಷತ್ರದ ನೆಲೆಯಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಯೆಂಬುದನ್ನೂ, ಆದಕಾರಣ ಆ ದಿನಗಳಲ್ಲಿ ಆ ನಕ್ಷತ್ರವು ಹಗಲಿನಲ್ಲಿಯೇ ಆಕಾಶದಲ್ಲಿದ್ದು ರಾತ್ರಿ ಕಣ್ಣಿಗೆ ಬೀಳದೆಂಬುದನ್ನೂ ಬಿಡಿಸಿ ಹೇಳಬಲ್ಲವರು ಎಷ್ಟು ಜನ? ಪೂರ್ವಿಕರು ನೋಡಿ ತಿಳಿದುದನ್ನು ನಾವು ಕೇಳಿ ತಿಳಿದೆವು. ನಮ್ಮ ಮಕ್ಕಳು ಕೇಳಿ ಮರೆಯುತ್ತಿದ್ದಾರೆ.

ನೋಡುವ ಅಭ್ಯಾಸವು ತಪ್ಪಿದೆಡೆಯಲ್ಲಿ ಭಯವು ಮನೆಮಾಡುತ್ತದೆ. 1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಜೀವಮಾನದಲ್ಲಿ ಒಮ್ಮೆ ಒದಗಬಹುದಾದ ಆ ನೋಟವನ್ನು ಕಾಣಲು ವಿಜ್ಞಾನಿಗಳು ದೂರದೂರದಿಂದ ಬಂದರು. ನಮ್ಮ ಜನರಲ್ಲಿ ಬಹುಮಂದಿ ಕದವಿಕ್ಕಿಕೊಂಡು ಮನೆಯೊಳಗೆ ಕುಳಿತರು. ನಾನಾಗ ಬಾಲಕನಾಗಿದ್ದೆ. ಅಂದಿನಿಂದ ವಿದ್ಯಾಭ್ಯಾಸವು ಎಷ್ಟೋ ಹರಡಿದೆ. ಆದರೂ 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿಯ ಸಮೀಪದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು, ಗುಣವಾಗುವುದೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿ ನಿಲ್ಲಿಸಿದ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದಿದೆವು. ಆ ತಾಯಿತಂದೆಯರನ್ನು ನಿಂದಿಸಿ ಪ್ರಯೋಜನವಿಲ್ಲ. ಅವರದು ಮಕ್ಕಳ ಮೇಲಿನ ಮಮತೆಯೇ. ಆದರೆ ಆಕಾಶವನ್ನು ತಮ್ಮದೆಂದು ತಿಳಿಯುವ ಅವಕಾಶವು ಅವರಿಗೆ ಯಾವ ಶಾಲೆಯಿಂದಲೂ ದೊರೆಯಲಿಲ್ಲವೆಂಬುದು ನಮ್ಮಂಥ ಅಧ್ಯಾಪಕರು ತಲೆತಗ್ಗಿಸಬೇಕಾದ ಸಂಗತಿ. ಗ್ರಹಣವು ನೆರಳಿನ ಆಟವೆಂದು ಪುಸ್ತಕದಲ್ಲಿ ಅಚ್ಚಾಗಿದ್ದರೆ ಸಾಲದು. ಚಂದ್ರನ ಮೇಲಿನ ಬೆಟ್ಟಗಳು ತಮ್ಮ ನೆರಳನ್ನು ಚಾಚಿರುವುದನ್ನು ಸ್ವಂತ ಕಣ್ಣಿನಿಂದ ಕಂಡ ಮಗುವಿಗೆ ಆ ಮಾತು ಬೇರೆಯೇ ಬಗೆಯಲ್ಲಿ ತಿಳಿಯುತ್ತದೆ.

ಹಾಗಾದರೆ ಕೊಂಡ ಯಂತ್ರದಿಂದಲೂ ಚಂದ್ರನು ಕಾಣುವನಲ್ಲವೆ? ಕಾಣುವನು, ಬಹುಶಃ ಇನ್ನೂ ಸ್ಫುಟವಾಗಿಯೇ ಕಾಣುವನು. ನನ್ನ ವಾದವು ನೋಟದ ಸ್ಪಷ್ಟತೆಯನ್ನು ಕುರಿತದ್ದಲ್ಲ, ನೋಡುವವನ ಸಿದ್ಧತೆಯನ್ನು ಕುರಿತದ್ದು. ಇದನ್ನು ತಿಳಿಯಬೇಕಾದರೆ ದರ್ಪಣವನ್ನು ಮಾಡುವ ಕ್ರಮವನ್ನು ತುಸು ವಿವರವಾಗಿ ನೋಡಬೇಕು.

ಮಸೂರಕ್ಕೆ ಬದಲಾಗಿ ದರ್ಪಣದಿಂದ ಬೆಳಕನ್ನು ಕೂಡಿಸುವ ದೂರದರ್ಶಕವನ್ನು ನ್ಯೂಟನ್ ಮಹಾಶಯನು 1668ರಲ್ಲಿ ತನ್ನ ಕೈಯಿಂದಲೇ ನಿರ್ಮಿಸಿದನು. ಇಂದಿಗೂ ಹವ್ಯಾಸಿಗಳು ಮನೆಯಲ್ಲಿ ಕಟ್ಟುವುದು ಬಹುಮಟ್ಟಿಗೆ ಅದೇ ಮಾದರಿಯನ್ನು. ಆರು ಅಂಗುಲ ವ್ಯಾಸದ, ಸುಮಾರು ಒಂದು ಅಂಗುಲ ದಪ್ಪದ ಎರಡು ಗಾಜಿನ ಬಿಲ್ಲೆಗಳು ಬೇಕು. ಒಂದನ್ನು ಗಟ್ಟಿಯಾದ ಪೀಠದ ಮೇಲೆ ಬಿಗಿದು, ಅದರ ಮೇಲೆ ಕಾರ್ಬೊರಂಡಮ್ ಪುಡಿಯನ್ನೂ ನೀರನ್ನೂ ಹಾಕಿ, ಇನ್ನೊಂದನ್ನು ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜಬೇಕು. ನಾಲ್ಕಾರು ಸಲ ಉಜ್ಜಿದ ಮೇಲೆ ಮೇಲಿನ ಬಿಲ್ಲೆಯನ್ನು ತುಸು ತಿರುಗಿಸಿ, ತಾನೂ ಪೀಠದ ಸುತ್ತ ಒಂದು ಹೆಜ್ಜೆ ಸರಿಯಬೇಕು. ಹೀಗೆ ಪ್ರದಕ್ಷಿಣೆ ಬರುತ್ತ ಗಂಟೆಗಟ್ಟಲೆ ದುಡಿದರೆ ಒಂದು ವಿಚಿತ್ರವು ನಡೆಯುತ್ತದೆ. ಮೇಲಿನ ಬಿಲ್ಲೆಯ ನಡುಭಾಗವು ಕೆಳಗಿನದರ ಅಂಚಿನ ಮೇಲೆ ಹೆಚ್ಚಾಗಿ ಒತ್ತುವುದರಿಂದ ಮೇಲಿನದು ನಡುವಿನಲ್ಲಿ ಸವೆದು ತಗ್ಗಾಗುತ್ತದೆ. ಕೆಳಗಿನದು ಅಂಚಿನಲ್ಲಿ ಸವೆದು ಉಬ್ಬಾಗುತ್ತದೆ. ಎಲ್ಲ ದಿಕ್ಕಿನಲ್ಲಿಯೂ ಒಂದರೊಡನೊಂದು ಕೂಡಿ ಜಾರಬಲ್ಲ ಮೈಗಳು ಗೋಲದ ಮೈಗಳು ಮಾತ್ರವಾದುದರಿಂದ, ಅಚ್ಚಿಲ್ಲದೆ, ಯಂತ್ರವಿಲ್ಲದೆ, ಬರಿಯ ಕೈಯ ಸಮವಾದ ಚಲನೆಯಿಂದಲೇ ನಿಖರವಾದ ಗೋಲದ ತುಣುಕೊಂದು ಮೂಡಿಬರುತ್ತದೆ. ನಾಲ್ಕು ಅಡಿ ಸಂಗಮದೂರವುಳ್ಳ ಆರಂಗುಲದ ದರ್ಪಣಕ್ಕೆ ನಡುವಿನಲ್ಲಿ ಬೇಕಾಗುವ ತಗ್ಗು ಸುಮಾರು 1.2 ಮಿಲಿಮೀಟರು ಮಾತ್ರ.

ಆ ಬಳಿಕ ಮತ್ತಷ್ಟು ನಯವಾದ ಪುಡಿ, ಅದಾದ ಮೇಲೆ ಇನ್ನೂ ನಯವಾದದ್ದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಪೀಠ, ಬಿಲ್ಲೆ, ಬಟ್ಟೆ, ಬೆರಳುಗಳ ಸಂದು ಎಲ್ಲವನ್ನೂ ತೊಳೆಯಬೇಕು. ಹಿಂದಿನ ಹಂತದ ಒಂದೇ ಒಂದು ಒರಟು ಕಣ ಉಳಿದರೂ ಅದು ಗೀರೆಳೆದು ದಿನಗಳ ದುಡಿಮೆಯನ್ನು ಕೆಡಿಸುತ್ತದೆ. ಕಡೆಗೆ ರಾಳದ ಮೆತ್ತೆಯ ಮೇಲೆ ಸೀರಿಯಮ್ ಆಕ್ಸೈಡನ್ನೋ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿಯನ್ನೋ ಹಚ್ಚಿ ಹೊಳಪು ಕೊಡುವುದು. ಕೆಲಸ ಸರಿಯಾಗಿದೆಯೆ ಎಂದು ಪರೀಕ್ಷಿಸಲು ಫ್ರಾನ್ಸಿನ ಫೂಕೋ ಎಂಬ ವಿಜ್ಞಾನಿಯು 1858ರಲ್ಲಿ ಒಂದು ಉಪಾಯವನ್ನು ಕಂಡುಹಿಡಿದನು. ಅದಕ್ಕೆ ಬೇಕಾದುದು ಒಂದು ದೀಪ, ಒಂದು ಸೂಜಿರಂಧ್ರ, ಒಂದು ಕ್ಷೌರದ ಅಲಗು. ದರ್ಪಣದಿಂದ ಮರಳಿ ಬರುವ ಬೆಳಕನ್ನು ಅಲಗಿನ ಅಂಚಿನಿಂದ ಕತ್ತರಿಸಿ ನೋಡಿದರೆ ಗಾಜಿನ ಮೈಯ ತಗ್ಗುತಿಟ್ಟುಗಳು ಬೆಟ್ಟ ಕಣಿವೆಗಳಂತೆ ನೆರಳು ಬೆಳಕಾಗಿ ಎದ್ದುಕಾಣುತ್ತವೆ. ಗಾಜಿನ ಮೇಲೆ ಹೆಬ್ಬೆರಳನ್ನು ತುಸುಹೊತ್ತು ಒತ್ತಿ ತೆಗೆದರೆ, ಆ ಶಾಖದಿಂದ ಗಾಜು ಉಬ್ಬಿ ಅಲ್ಲೊಂದು ಗುಡ್ಡವೆದ್ದಂತೆ ತೋರುತ್ತದೆ. ಆರಿದ ಮೇಲೆ ಮಾಯವಾಗುತ್ತದೆ. ಮಿಲಿಮೀಟರಿನ ಹತ್ತುಸಾವಿರದಲ್ಲಿ ಒಂದು ಪಾಲಿಗಿಂತ ಕಿರಿದಾದ ದೋಷವನ್ನು ಹಳ್ಳಿಯ ಹುಡುಗನು ಒಂದು ಅಲಗಿನಿಂದ ಅಳೆಯುತ್ತಾನೆ. ಪ್ರಯೋಗಶಾಲೆಯ ಯಾವ ಪಾಠವು ಅವನಿಗೆ ಇಷ್ಟು ಆತ್ಮವಿಶ್ವಾಸವನ್ನು ಕೊಟ್ಟೀತು?

ಎಲ್ಲವನ್ನೂ ಕೈಯಿಂದಲೇ ಮಾಡಬಹುದೆಂದು ನಾನು ಹೇಳುತ್ತಿಲ್ಲ. ದರ್ಪಣಕ್ಕೆ ಅಲ್ಯೂಮಿನಿಯಮ್ ಲೇಪವನ್ನು ನಿರ್ವಾತದಲ್ಲಿ ಹಚ್ಚಬೇಕಾದುದರಿಂದ ಅದನ್ನು ಹೊರಗೆ ಕಳುಹಿಸಬೇಕು. ಕಣ್ಣಿಗೆ ಹಿಡಿಯುವ ಮಸೂರವನ್ನೂ, ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಚಿಕ್ಕ ಸಮತಲ ದರ್ಪಣವನ್ನೂ ಕೊಳ್ಳುವುದೇ ಲೇಸು. ಉಳಿದಂತೆ ಕೊಳವೆಗೆ ಪಿ.ವಿ.ಸಿ. ಪೈಪು ಸಾಕು, ಪೀಠಕ್ಕೆ ಪ್ಲೈವುಡ್ ಹಲಗೆ ಸಾಕು. ಇಂತಹ ಸುಲಭವಾದ ಮರದ ಪೀಠವನ್ನು ಲೋಕಕ್ಕೆ ಪರಿಚಯಿಸಿದ ಜಾನ್ ಡಾಬ್ಸನ್ (1915–2014) ಅಮೆರಿಕದ ರಾಮಕೃಷ್ಣ ಸಂಪ್ರದಾಯದ ಮಠವೊಂದರಲ್ಲಿ ಇಪ್ಪತ್ತಮೂರು ವರ್ಷ ಸನ್ಯಾಸಿಯಾಗಿದ್ದವರು. ಅವರು ಹಡಗಿನ ಕಿಟಕಿಯ ಹಳೆಯ ಗಾಜನ್ನು ಉಜ್ಜಿ ದರ್ಪಣ ಮಾಡಿದರು. 1967ರಲ್ಲಿ ಮಠದಿಂದ ಹೊರಬಂದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಬೀದಿಬದಿಯಲ್ಲಿ ದೂರದರ್ಶಕವನ್ನು ನಿಲ್ಲಿಸಿ ಹಾದಿಹೋಕರಿಗೆಲ್ಲ ಚಂದ್ರನನ್ನೂ ಶನಿಯನ್ನೂ ತೋರಿಸಿದರು. ನಮ್ಮಲ್ಲಿಯೂ ಪುಣೆಯ ಐಯುಕಾ ಸಂಸ್ಥೆಯವರು ದೂರದರ್ಶಕ ನಿರ್ಮಾಣದ ಶಿಬಿರಗಳನ್ನು ನಡೆಸಿರುವುದುಂಟು. ಮಾರ್ಗವು ಹೊಸದಲ್ಲ, ನಡೆಯುವ ಕಾಲುಗಳು ಬೇಕು.

ಇನ್ನು ಆಕ್ಷೇಪಗಳನ್ನು ಪರಿಶೀಲಿಸೋಣ. ಮೊದಲನೆಯದು ಕಾಲವ್ಯಯ. ಹತ್ತನೆಯ ತರಗತಿಯ ಪರೀಕ್ಷೆ ತಲೆಯ ಮೇಲಿರುವಾಗ ಗಾಜು ಉಜ್ಜುತ್ತ ಕೂಡುವುದೆಂತು ಎಂದು ಪೋಷಕರು ಕೇಳುವುದು ಸಹಜ. ಹೊಸಬರ ಕೈಗೆ ಹಲವು ವಾರಗಳ ಸಂಜೆಗಳು ಬೇಕೆಂಬುದು ನಿಜ. ಆದುದರಿಂದ ಈ ಕಾರ್ಯವನ್ನು ಎಂಟನೆಯ ತರಗತಿಯವರಿಗೆ ವಹಿಸತಕ್ಕದ್ದು. ಮಳೆಗಾಲದ ತಿಂಗಳುಗಳಲ್ಲಿ ಆಕಾಶವು ಹೇಗೂ ಕಾಣದು. ಅವು ಉಜ್ಜುವ ತಿಂಗಳುಗಳಾಗಲಿ. ಮೋಡ ಚದುರುವ ಹೊತ್ತಿಗೆ ದರ್ಪಣವು ಸಿದ್ಧವಾಗಿರುತ್ತದೆ.

ಎರಡನೆಯದು, ಕೊಂಡ ಯಂತ್ರವು ಹೆಚ್ಚು ಉತ್ತಮವೆಂಬುದು. ಇರಬಹುದು. ಆದರೆ ಬೆಲೆಬಾಳುವ ವಸ್ತುವಿಗೆ ಶಾಲೆಗಳಲ್ಲಿ ಒದಗುವ ಗತಿಯನ್ನು ಬಲ್ಲೆವು. ನಾನು ಕಂಡ ಒಂದು ಶಾಲೆಯಲ್ಲಿ ದಾನವಾಗಿ ಬಂದ ಸೂಕ್ಷ್ಮದರ್ಶಕವು ವರ್ಷಗಟ್ಟಲೆ ಬೀರುವಿನಲ್ಲಿಯೇ ಇತ್ತು. ಒಡೆದರೆ ಯಾರು ಹೊಣೆ ಎಂಬ ಭಯದಿಂದ ಬೀಗದ ಕೈ ಯಾರ ಕೈಗೂ ಸಿಕ್ಕುತ್ತಿರಲಿಲ್ಲ. ತಾವೇ ಕಟ್ಟಿದ ಯಂತ್ರವನ್ನು ಮಕ್ಕಳು ಬಿಚ್ಚಬಲ್ಲರು, ಜೋಡಿಸಬಲ್ಲರು, ಕೆಟ್ಟರೆ ಸರಿಪಡಿಸಬಲ್ಲರು. ಅದಕ್ಕೆ ಬೀಗ ಬೇಡ.

ಮೂರನೆಯದು ಹೆಣ್ಣುಮಕ್ಕಳ ಪ್ರಶ್ನೆ. ರಾತ್ರಿಯ ವೇಳೆ ಅವರನ್ನು ಕಳುಹಿಸುವುದೆಂತು? ತಾಯಂದಿರೂ ಜೊತೆಗೆ ಬರಲಿ, ಅವರೂ ನೋಡಲಿ ಎಂಬುದೇ ನನ್ನ ಉತ್ತರ. ಸಂಗೀತಗಾರನಾಗಿದ್ದ ವಿಲಿಯಮ್ ಹರ್ಷೆಲ್ ತಾನೇ ಉಜ್ಜಿ ಮಾಡಿದ ದರ್ಪಣದಿಂದ 1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಕಂಡನು. ಅವನು ದರ್ಪಣದಿಂದ ಕೈ ತೆಗೆಯಲಾರದೆ ದುಡಿಯುತ್ತಿದ್ದಾಗ ತುತ್ತು ಮಾಡಿ ಬಾಯಿಗಿಡುತ್ತಿದ್ದ ತಂಗಿ ಕ್ಯಾರೊಲಿನ್, ಮುಂದೆ ಸ್ವತಃ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. ತುತ್ತಿಡುವ ಕೈಗೂ ಉಜ್ಜುವ ಅವಕಾಶವನ್ನು ಕೊಟ್ಟರೆ ಏನಾಗಬಹುದೆಂಬುದನ್ನು ನಾವೇ ಊಹಿಸಬಹುದು.

ನಿಜವಾದ ಕಷ್ಟವು ಕಟ್ಟುವುದರಲ್ಲಿಲ್ಲ, ಕಟ್ಟಿದ ಮೇಲೆ ಆಸಕ್ತಿಯನ್ನು ಉಳಿಸಿಕೊಳ್ಳುವುದರಲ್ಲಿದೆ. ಮೊದಲ ರಾತ್ರಿ ಚಂದ್ರ, ಎರಡನೆಯ ರಾತ್ರಿ ಶನಿಯ ಬಳೆ, ಮೂರನೆಯ ರಾತ್ರಿ ಗುರುವಿನ ನಾಲ್ಕು ಉಪಗ್ರಹಗಳು. ಆಮೇಲೆ ನೋಡುವುದೇನು ಎಂದು ಗುಂಪು ಕರಗುತ್ತದೆ. ಇದಕ್ಕೆ ಪರಿಹಾರವನ್ನು ಒಬ್ಬ ಸಾಮಾನ್ಯ ಗುಮಾಸ್ತರ ಜೀವನದಿಂದ ಕಲಿಯಬಹುದು. ಅಖಂಡ ಬಂಗಾಳದ ಜೆಸ್ಸೋರಿನ ರಾಧಾಗೋವಿಂದ ಚಂದ್ರ (1878–1975) ಎಂಬವರು ಪ್ರವೇಶ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಅನುತ್ತೀರ್ಣರಾದವರು. ಸರಕಾರಿ ಖಜಾನೆಯಲ್ಲಿ ನಾಣ್ಯಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವರು. ಬಾಲ್ಯದಲ್ಲಿ ಬಂಗಾಳಿ ಪಠ್ಯಪುಸ್ತಕದಲ್ಲಿ ಓದಿದ, ಬ್ರಹ್ಮಾಂಡದ ವಿಸ್ತಾರವನ್ನು ಕುರಿತು ಅಕ್ಷಯಕುಮಾರ ದತ್ತರು ಬರೆದ ಪಾಠವೊಂದು ಅವರಲ್ಲಿ ಈ ಹಂಬಲವನ್ನು ಬಿತ್ತಿತು. ಭಾಷಾಪಾಠದಿಂದ ಖಗೋಲವೀಕ್ಷಕನೊಬ್ಬನು ಹುಟ್ಟಿದನೆಂಬುದನ್ನು ನನ್ನ ಸಹೋದ್ಯೋಗಿಗಳಾದ ಭಾಷಾಧ್ಯಾಪಕರು ವಿಶೇಷವಾಗಿ ಗಮನಿಸಬೇಕು.

ಅವರು ಮೂರು ಅಂಗುಲದ ಚಿಕ್ಕ ದೂರದರ್ಶಕವೊಂದನ್ನು ಕೊಂಡು, ಕಾಂತಿಯು ಏರಿಳಿಯುವ ನಕ್ಷತ್ರಗಳನ್ನು ರಾತ್ರಿ ರಾತ್ರಿ ಅಂದಾಜು ಮಾಡಿ ಬರೆದಿಟ್ಟರು. ಅಂಥ ನಕ್ಷತ್ರಗಳ ವೀಕ್ಷಕರ ಅಮೆರಿಕದ ಸಂಘಕ್ಕೆ ದಶಕಗಳ ಕಾಲ ಅವರು ಕಳುಹಿಸಿದ ಅಂದಾಜುಗಳು 37 ಸಾವಿರಕ್ಕೂ ಹೆಚ್ಚು. ಅವರ ನಿಷ್ಠೆಯನ್ನು ಮೆಚ್ಚಿ ಆ ಸಂಘವು 1926ರಲ್ಲಿ ಆರು ಅಂಗುಲಕ್ಕೂ ಮಿಗಿಲಾದ ದೂರದರ್ಶಕವನ್ನು ಅವರ ಬಳಕೆಗೆ ಕಳುಹಿಸಿಕೊಟ್ಟಿತು. ಆ ಯಂತ್ರವು ಮುಂದೆ ವೇಣು ಬಾಪು ಅವರ ಕೈಸೇರಿ ಕಾವಲೂರಿನ ವೀಕ್ಷಣಾಲಯವನ್ನು ತಲುಪಿತು. ಅವರ ಯಂತ್ರವು ಕೊಂಡದ್ದೇ ಅಲ್ಲವೆ ಎಂದು ಕೆಲವರು ನನ್ನನ್ನು ಹಿಡಿದು ನಿಲ್ಲಿಸಬಹುದು. ಅಹುದು, ಆದರೆ ಅದು ಹಂಬಲಿಸಿ ಪಡೆದ ಯಂತ್ರ. ಕೈಯ ದುಡಿಮೆಯಾಗಲಿ ಮನಸ್ಸಿನ ತಪಸ್ಸಾಗಲಿ, ಯಂತ್ರಕ್ಕಿಂತ ಮೊದಲು ಏನಾದರೊಂದು ಸಂದಾಯವಾಗಿರಬೇಕು ಎಂಬುದಷ್ಟೇ ನನ್ನ ಮಾತಿನ ತಾತ್ಪರ್ಯ.

ಒಡಿಶಾದ ಖಂಡಪಡಾದ ಸಾಮಂತ ಚಂದ್ರಶೇಖರರು (1835–1904) ದೂರದರ್ಶಕವಿಲ್ಲದೆ, ಬಿದಿರು ಮತ್ತು ಮರದಿಂದ ತಾವೇ ಮಾಡಿಕೊಂಡ ಸಾಧನಗಳಿಂದ ಗ್ರಹಗತಿಗಳನ್ನು ಅಳೆದು, ‘ಸಿದ್ಧಾಂತದರ್ಪಣ’ವೆಂಬ ಗ್ರಂಥವನ್ನು ಸಂಸ್ಕೃತ ಶ್ಲೋಕಗಳಲ್ಲಿ ರಚಿಸಿದರು, ಅದು 1899ರಲ್ಲಿ ಅಚ್ಚಾಯಿತು. ಶಾಸ್ತ್ರವನ್ನು ಓದಿದವರು ಅದನ್ನು ಆಕಾಶದೊಡನೆ ತಾಳೆನೋಡಿ, ಹೊಂದದೆಡೆಯಲ್ಲಿ ತಿದ್ದಿದರು. ಪಾಂಡಿತ್ಯಕ್ಕೂ ವೀಕ್ಷಣೆಗೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ? ನಮ್ಮ ನಾಡಿನಲ್ಲಿಯೂ ಜಿ. ಟಿ. ನಾರಾಯಣರಾಯರು (1926–2008) ನಕ್ಷತ್ರವೀಕ್ಷಣೆಯನ್ನು ಕನ್ನಡದಲ್ಲಿ ಸೊಗಸಾಗಿ ಬರೆದು ಅನೇಕರ ಕಣ್ಣನ್ನು ಮೇಲಕ್ಕೆತ್ತಿಸಿದರು.

ಈ ಎಲ್ಲದರಿಂದ ನಾನು ಸೂಚಿಸಬಯಸುವ ಕ್ರಮವಿಷ್ಟು. ಶಾಲೆಯಲ್ಲಿ ಒಂದು ದಪ್ಪನೆಯ ದಾಖಲೆ ಪುಸ್ತಕವನ್ನಿಡಬೇಕು. ಪ್ರತಿ ತಿಂಗಳೂ ಅಮಾವಾಸ್ಯೆಯ ಸಮೀಪದ ಒಂದು ರಾತ್ರಿ ಆಟದ ಬಯಲಿನ ದೀಪಗಳನ್ನು ಆರಿಸಿ ಮಕ್ಕಳು ಕೂಡಬೇಕು. ಕಂಡುದನ್ನು, ದಿನಾಂಕ ಹಾಗೂ ವೇಳೆಗಳೊಡನೆ, ಅಚ್ಚಗನ್ನಡದಲ್ಲಿ ಬರೆಯಬೇಕು. ಅಲ್ಗಾಲ್ ಎಂಬ ನಕ್ಷತ್ರವು 2 ದಿನ 20 ಗಂಟೆ 49 ನಿಮಿಷಗಳಿಗೊಮ್ಮೆ ಮಂಕಾಗಿ ಮತ್ತೆ ಬೆಳಗುತ್ತದೆ; ಅದನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು. ಈ ಒಂದು ನಕ್ಷತ್ರವನ್ನು ಒಂದು ಚಳಿಗಾಲವೆಲ್ಲ ಹಿಂಬಾಲಿಸಿದ ಹುಡುಗಿಯು ಯಾರ ಮಾತನ್ನೂ ನಂಬಬೇಕಾಗಿಲ್ಲ. ಆ ಕಾಲಮಾನವನ್ನು ತಾನೇ ಲೆಕ್ಕಹಾಕಿ ಪಡೆಯುತ್ತಾಳೆ. ಸೂರ್ಯನತ್ತ ದೂರದರ್ಶಕವನ್ನು ತಿರುಗಿಸಿ ಕಣ್ಣಿಟ್ಟರೆ ದೃಷ್ಟಿ ಹೋಗುವುದೆಂಬ ಎಚ್ಚರಿಕೆಯನ್ನು ಮಾತ್ರ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಬೇಕು. ಹಗಲಿನಲ್ಲಿ ಯಂತ್ರದ ಬಾಯಿಗೆ ಮುಚ್ಚಳವಿರಬೇಕು. ಪಟ್ಟಣಗಳ ದೀಪಗಳು ನಕ್ಷತ್ರಗಳನ್ನು ನುಂಗಿಹಾಕಿರುವ ಈ ಕಾಲದಲ್ಲಿ ಹಳ್ಳಿಗಾಡಿನ ಶಾಲೆಗೆ ಉಳಿದಿರುವ ಒಂದು ಐಶ್ವರ್ಯವೆಂದರೆ ಕತ್ತಲೆ. ಅದನ್ನು ನಾವು ಬಳಸದೆ ಬಿಡಬಾರದು.

ಹಳೆಯ ವಿದ್ಯಾರ್ಥಿಗಳ ಕಾಣಿಕೆಯನ್ನು ತಡೆಯುವುದು ನನ್ನ ಉದ್ದೇಶವಲ್ಲ. ಮಕ್ಕಳು ಒಂದು ದರ್ಪಣವನ್ನು ಉಜ್ಜಿ ಮುಗಿಸಿ, ಎರಡು ಚಳಿಗಾಲಗಳ ದಾಖಲೆಯನ್ನು ತುಂಬಿದ ಮೇಲೆ, ದೊಡ್ಡ ಯಂತ್ರವು ಬರಲಿ. ಆಗ ಅದನ್ನು ಬಳಸಬಲ್ಲ ಕೈಗಳಿರುತ್ತವೆ. ಅಲ್ಲಿಯವರೆಗೆ ಆ ಮಹನೀಯರು ಹಣಕ್ಕಿಂತ ಮಿಗಿಲಾಗಿ ತಮ್ಮ ಸಂಜೆಗಳನ್ನು ಕೊಡಲಿ. ಅವರಲ್ಲಿ ಬಡಗಿಗಳಿದ್ದಾರೆ, ಕಮ್ಮಾರರಿದ್ದಾರೆ, ಇಂಜಿನಿಯರುಗಳಿದ್ದಾರೆ. 2031ರ ಮೇ 21ರಂದು ಕಂಕಣ ಸೂರ್ಯಗ್ರಹಣವು ಕೇರಳ, ತಮಿಳುನಾಡುಗಳ ಮೇಲೆ ಹಾದುಹೋಗಲಿದ್ದು ನಮ್ಮ ಊರುಗಳಲ್ಲಿ ಪಾರ್ಶ್ವಗ್ರಹಣವಾಗಿ ಕಾಣಲಿದೆ. ಇಂದು ನಮ್ಮ ಪ್ರಾಥಮಿಕ ತರಗತಿಗಳಲ್ಲಿ ಅಕ್ಷರ ತಿದ್ದುತ್ತಿರುವ ಮಕ್ಕಳು ಅಂದು ದೊಡ್ಡವರಾಗಿರುತ್ತಾರೆ. ಅವರು ಆ ದಿನ ಕದವಿಕ್ಕಿಕೊಂಡು ಕೂಡುವರೋ, ಸೂರ್ಯಬಿಂಬವನ್ನು ರಟ್ಟಿನ ಸಣ್ಣ ರಂಧ್ರದಿಂದ ಗೋಡೆಯ ಮೇಲೆ ಬೀಳಿಸಿ ಊರವರನ್ನೆಲ್ಲ ಕರೆದು ತೋರಿಸುವರೋ ಎಂಬುದು ನಾವು ಈಗ ಮಾಡುವ ನಿರ್ಧಾರವನ್ನು ಅವಲಂಬಿಸಿದೆ.

ವಸಿಷ್ಠನನ್ನು ಆರಂಗುಲದ ದೂರದರ್ಶಕದಿಂದ ನೋಡಿದರೆ ಅದು ಒಂದಲ್ಲ, ಅಂಟಿಕೊಂಡಂತಿರುವ ಎರಡು ನಕ್ಷತ್ರಗಳೆಂದು ಸ್ಪಷ್ಟವಾಗುತ್ತದೆ. ಬೆಳಕನ್ನು ಬಿಡಿಸಿ ನೋಡುವ ಉಪಕರಣಗಳಿಂದ ಆ ಎರಡೂ ಮತ್ತೆ ಇಬ್ಬಿಬ್ಬರೆಂದು ವಿಜ್ಞಾನಿಗಳು ತಿಳಿದಿದ್ದಾರೆ; ಅರುಂಧತಿಗೂ ಒಂದು ಕಿರಿಯ ಜೊತೆಯಿದೆಯೆಂಬುದನ್ನು ಕಂಡುಕೊಂಡಿದ್ದಾರೆ. ಸ್ಥೂಲದಿಂದ ಸೂಕ್ಷ್ಮಕ್ಕೆ ಹೋಗುವ ಆ ಹಳೆಯ ನ್ಯಾಯವು ಮುಗಿದಿಲ್ಲ, ಇನ್ನೂ ಮುಂದುವರಿಯುತ್ತಲೇ ಇದೆ. ಅದನ್ನು ನಮ್ಮ ಮಕ್ಕಳು ತಮ್ಮ ಕೈಯಿಂದ ಉಜ್ಜಿದ ಗಾಜಿನಲ್ಲಿ ಕಾಣುವಂತಾಗಲೆಂದು ಪೂಜ್ಯರ ಸನ್ನಿಧಿಯಲ್ಲಿಯೂ, ಆಡಳಿತ ಮಂಡಲಿಯವರಲ್ಲಿಯೂ, ಹಳೆಯ ವಿದ್ಯಾರ್ಥಿ ಬಾಂಧವರಲ್ಲಿಯೂ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.